ಗಾಡಿಕೊಟ್ಟಿಗೆಗೆ ಸೇರಿಸಿದ ಮೂರು ಇಂಚು

ನಿವೃತ್ತನಾದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಈ ಬರಹ. ಹೊಸದಾಗಿ ಕುವೈತಿಗೆ ಬರುವ ಡ್ರಾಫ್ಟ್ಸ್‌ಮನ್ ಹುಡುಗರಿಗೆ ಉಪಯೋಗವಾಗುವಂಥದ್ದು ನಾಲ್ಕು ಪುಟ ಬರೆದುಕೊಡಿ ಎಂದು ಇಲ್ಲಿನ ಕನ್ನಡ ಕೂಟದವರು ಬೆನ್ನು ಹತ್ತಿದರು. ಉಪಯೋಗವಾಗುತ್ತದೆ ಎಂಬ ಭರವಸೆ ನನಗಿಲ್ಲ. ನನ್ನ ಇಕಾಮಾ, ಅಂದರೆ ಇಲ್ಲಿ ಇರಲು ಕೊಡುವ ಪರವಾನಗಿ, ಮುಗಿಯಲು ಇನ್ನು ಎರಡು ತಿಂಗಳಿದೆ. ಮೈದಾನ್ ಹವಲ್ಲಿಯ ಈ ಫ್ಲ್ಯಾಟು ಖಾಲಿ ಮಾಡಬೇಕು. ಹೆಂಡತಿ ಶಾಂತಾ ಒಳಗೆ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಾಳೆ, ನಾನು ಹೊರಗೆ ಕೂತು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಬೀಳ್ಕೊಡುಗೆಯಲ್ಲಿ ಯಾರು ಏನೆಂದರು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದರಿಂದ ನಿಮಗೆ ಏನೂ ಆಗಬೇಕಾದದ್ದಿಲ್ಲ.

ನಾನು ಗಜೇಂದ್ರಗಡದ ಬಡಿಗೇರರ ಮನೆಯವನು. ಪಾಲಿಟೆಕ್ನಿಕ್ ಮುಗಿಸಿ ಇಲ್ಲಿಗೆ ಬಂದಾಗ ಕುವೈತ್ ಸಿಟಿಯ ನಮ್ಮ ಕನ್ಸಲ್ಟಿಂಗ್ ಆಫೀಸಿನಲ್ಲಿ ಕಂಪ್ಯೂಟರ್ ಇರಲಿಲ್ಲ, ಸಾಲಾಗಿ ಡ್ರಾಯಿಂಗ್ ಬೋರ್ಡುಗಳಿದ್ದವು. ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ಥಾಮಸ್ ಸಾರ್ ಕೇರಳದವರು, ಕಡಿಮೆ ಮಾತಿನವರು. ಟ್ರೇಸಿಂಗ್ ಪೇಪರಿನ ಮೇಲೆ ಇಂಕಿನಲ್ಲಿ ಎಳೆದ ಗೆರೆ ತಪ್ಪಾದರೆ ಅರ್ಧ ಬ್ಲೇಡಿನಿಂದ ಮೆಲ್ಲಗೆ ಹೆರೆದು, ಉಗುರಿನಿಂದ ಉಜ್ಜಿ, ಮತ್ತೆ ಬರೆಯಬೇಕಿತ್ತು. ಎಷ್ಟು ಹುಷಾರಾಗಿ ಹೆರೆದರೂ ಆ ಜಾಗ ಒರಟಾಗುತ್ತಿತ್ತು. ಥಾಮಸ್ ಸಾರ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹೆಬ್ಬೆರಳಿನಿಂದ ಸವರುತ್ತ ಹೋಗುವರು. ಒರಟು ಸಿಕ್ಕಲ್ಲಿ ಬೆರಳು ನಿಲ್ಲಿಸಿ, “ಇಲ್ಲಿ ಮೊದಲು ಏನಿತ್ತು?” ಎಂದು ಕೇಳುವರು. ತಪ್ಪು ಮಾಡಿದ್ದಕ್ಕೆ ಅವರು ಬೈದದ್ದು ನನಗೆ ನೆನಪಿಲ್ಲ. ಮೊದಲು ಏನಿತ್ತು ಎಂದು ಹೇಳಲಾಗದೆ ತಡವರಿಸಿದರೆ ಮಾತ್ರ ಆ ದಿನವಿಡೀ ನಮ್ಮ ಮುಖ ನೋಡುತ್ತಿರಲಿಲ್ಲ.

ನನ್ನ ಮೊದಲ ದೊಡ್ಡ ಎಡವಟ್ಟು ಒಂದು ದಿವಾನಿಯಾದ್ದು. ಕುವೈತಿನವರ ಮನೆಯಲ್ಲಿ ಗಂಡಸರು ಗೆಳೆಯರನ್ನು ಕೂರಿಸಿಕೊಂಡು ಮಾತಾಡುವ ದೊಡ್ಡ ಕೋಣೆಯೇ ದಿವಾನಿಯಾ. ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ಅಡುಗೆಮನೆಯಿಂದ ನೇರ ಅದಕ್ಕೊಂದು ಬಾಗಿಲು ಬರೆದೆ. ಚಹಾ, ಊಟ ತರಲು ಅನುಕೂಲ ಎಂದು ನನ್ನ ಲೆಕ್ಕ. ನಮ್ಮೂರಲ್ಲಿ ಪಡಸಾಲೆಯಿಂದ ಅಡುಗೆಮನೆ ಕಾಣುತ್ತದಲ್ಲ. ಮನೆಯ ಯಜಮಾನ ನಕ್ಷೆ ನೋಡಿದ, ಪೆನ್ಸಿಲಿನಿಂದ ಆ ಬಾಗಿಲಿನ ಮೇಲೆ ದಪ್ಪ ಗೆರೆ ಎಳೆದು ಎದ್ದುಹೋದ. ಅವನ ಮನೆಯ ಹೆಂಗಸರು ಓಡಾಡುವ ಜಾಗವನ್ನು ನಾನು ಬೀದಿಗೆ ತೆರೆದಿಟ್ಟಿದ್ದೆ. ಬೇರೆಯವರ ಮನೆಗೆ ನಮ್ಮ ಮನೆಯ ಬುದ್ಧಿ ಹಚ್ಚಬಾರದೆಂದು ಅವತ್ತೇ ಕಲಿಯಬೇಕಿತ್ತು. ಕಲಿತೆನೆಂದುಕೊಂಡಿದ್ದೆ.

ಆಮೇಲೆ ಕಂಪ್ಯೂಟರ್ ಬಂತು. ಬೋರ್ಡುಗಳನ್ನು ಅರ್ದಿಯಾದ ಗೋದಾಮಿಗೆ ಸಾಗಿಸಿದರು, ಅಮೋನಿಯಾ ವಾಸನೆಯ ಪ್ರಿಂಟ್ ಮಷೀನು ಹೋಯಿತು, ಥಾಮಸ್ ಸಾರ್ ಕೂಡ ಊರಿಗೆ ಹೋದರು. ನಾವೆಲ್ಲ ಹಬ್ಬ ಮಾಡಿದೆವು. ಅಂಕಿ ತಪ್ಪಾದರೆ ಎರಡು ಕೀಲಿ ಒತ್ತಿದರೆ ಸಾಕು, ಹೆರೆಯುವ ಕಾಟವಿಲ್ಲ, ಪ್ರಿಂಟು ಗಾಜಿನಂತೆ ಚೊಕ್ಕ. ಬೆರಳಿನಿಂದ ಸವರಿದರೆ ಏನೂ ತಗುಲುವುದಿಲ್ಲ. ಈ ಸುಖ ಯಾರನ್ನು ಎಲ್ಲಿಗೆ ಮುಟ್ಟಿಸುತ್ತದೆಂದು ಆಗ ನನಗೆ ಹೊಳೆಯಲಿಲ್ಲ.

ಇನ್ನು ಅಬು ಖಾಲಿದ್ ಅವರ ಕೆಲಸದ ವಿಷಯ. ನಾನು ಬರೆಯಲು ಒಪ್ಪಿದ್ದೇ ಇದಕ್ಕಾಗಿ.

ಅಬು ಖಾಲಿದ್ ಆಗಲೇ ಎಂಬತ್ತರ ಹತ್ತಿರದ ಕುವೈತಿ. ಹುಡುಗನಾಗಿದ್ದಾಗ ಓದಲು ಸ್ಕಾಟ್‌ಲೆಂಡಿಗೆ ಹೋಗಿ, ರಜೆಯಲ್ಲೆಲ್ಲ ಒಂದು ರೈತರ ಮನೆಯಲ್ಲಿ ಇರುತ್ತಿದ್ದರಂತೆ. ಆ ಮನೆಯ ವಾರಸುದಾರರು ಜಾಗ ಮಾರಿದಾಗ ಮನೆಯ ಪಕ್ಕದ ಗಾಡಿಕೊಟ್ಟಿಗೆಯನ್ನು ಬಿಚ್ಚಬೇಕಾಗಿ ಬಂತು. ಸುದ್ದಿ ತಿಳಿದ ಇವರು ಅದರ ಹಳೆಯ ತೊಲೆಗಳನ್ನು ಕೊಂಡರು. ಅಲ್ಲಿನ ಅಳತೆಗಾರನೊಬ್ಬನನ್ನು ಹಿಡಿದು ಮನೆ, ಕೊಟ್ಟಿಗೆ ಎರಡರದ್ದೂ ಇಂಚಿಂಚು ಅಳತೆ ತೆಗೆಸಿದರು. ವಫ್ರಾದಲ್ಲಿರುವ ತಮ್ಮ ತೋಟದಲ್ಲಿ ಅವೆರಡನ್ನೂ ಹಾಗೆಯೇ ಎಬ್ಬಿಸಬೇಕೆಂಬುದು ಅವರ ಹಟ. ಆಫೀಸಿನಲ್ಲಿ ಎಲ್ಲರೂ ಮುಸಿಮುಸಿ ನಕ್ಕರು. ನಮ್ಮ ಚೀಫ್ ಎಂಜಿನಿಯರ್ ನಬೀಲ್, ಈಜಿಪ್ಟಿನವನು, ಮನೆಯ ಎರಡೂ ಕೊನೆಗೆ ಇದ್ದ ಒಲೆಗೂಡುಗಳನ್ನು ತೋರಿಸಿ, “ಮಿಸ್ಟರ್ ಬಡಿಗೇರ್, ಈ ದೇಶದಲ್ಲಿ ಬೆಂಕಿ ಕಾಯಿಸಿಕೊಳ್ಳೋಕೆ ಒಲೆ ಬೇರೆ ಬೇಕಾ?” ಎಂದ. ಕೆಲಸ ನನ್ನ ಮೇಜಿಗೆ ಬಂತು.

ಆ ನಕ್ಷೆಗಳನ್ನು ಬಿಚ್ಚಿದಾಗ ನನಗೆ ನಗು ಬರಲಿಲ್ಲ. ಎರಡಡಿಗೂ ದಪ್ಪದ ಕಲ್ಲಿನ ಗೋಡೆ, ನಡುವೆ ಬಾಗಿಲು, ಅಕ್ಕಪಕ್ಕ ಚಿಕ್ಕ ಕಿಟಕಿ, ಗಾಳಿ ಬಡಿಯುವ ಕಡೆ ಕಿಟಕಿಯೇ ಇಲ್ಲ. ಸುಣ್ಣದ ಒರಟು ಗಾರೆ. ಮಾಡಿನ ತ್ರಿಕೋನದ ಗೋಡೆಯ ಅಂಚು ಕಲ್ಲಿನ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಅದಕ್ಕೆ ಅವರು ಕಾಗೆ ಮೆಟ್ಟಿಲು ಎನ್ನುತ್ತಾರೆ. ಗಾಡಿಕೊಟ್ಟಿಗೆ ಮನೆಗೆ ಅಡ್ಡಲಾಗಿ ನಿಂತು ನಡುವಿನ ಅಂಗಳಕ್ಕೆ ಗಾಳಿ ತಡೆಯುತ್ತದೆ. ಕೆಳಗೆ ಗಾಡಿ ನಿಲ್ಲಿಸಲು ಕಲ್ಲಿನ ಕಂಬಗಳ ನಡುವೆ ತೆರೆದ ಜಾಗ, ಮೇಲೆ ಕಾಳು ತುಂಬುವ ಅಟ್ಟ. ಅಟ್ಟದ ತೊಲೆಗಳ ಒಂದು ತುದಿ ಮುಂದಿನ ಕಂಬದ ಮೇಲೆ ಕೂತರೆ ಇನ್ನೊಂದು ತುದಿ ಹಿಂದಿನ ಗೋಡೆಯಿಂದ ಚಾಚಿದ ಕಲ್ಲಿನ ಮೇಲೆ ಕೂರುತ್ತದೆ. ರಜೆಯಲ್ಲಿ ಅಬು ಖಾಲಿದ್ ಮಲಗುತ್ತಿದ್ದದ್ದು ಆ ಅಟ್ಟದಲ್ಲಿ. ಕಟ್ಟಿಸಿದ ಮೇಲೆ ಕೂಡ ಅಲ್ಲೇ ಮಲಗುತ್ತೇನೆ ಎನ್ನುತ್ತಿದ್ದರು. ಯಾವ ಸಿಂಗಾರವೂ ಇಲ್ಲದ, ಮಾಡಿದವನ ಕೈ ಕಾಣುವ ಕಟ್ಟಡ. ಇಲ್ಲಿ ಕನ್ನಡಿ ಗೋಡೆಗಳನ್ನೇ ಬರೆದು ಬೇಸತ್ತ ನನಗೆ ಅದನ್ನು ಕಂಡು ಹೊಟ್ಟೆ ತುಂಬಿದಂತಾಯಿತು.

ಆದರೆ ಕಲ್ಲು ಕಟ್ಟುವವರು ಯಾರು? ಇಲ್ಲಿ ಎಲ್ಲರೂ ಸಿಮೆಂಟ್ ಬ್ಲಾಕಿನವರು. ಕಾಂಟ್ರ್ಯಾಕ್ಟರು ಅರ್ದಿಯಾದ ತನ್ನ ಲೇಬರ್ ಕ್ಯಾಂಪಿನಲ್ಲಿ ವಿಚಾರಿಸಿ ಒಬ್ಬನನ್ನು ಕರೆತಂದ. ಹೆಸರು ಹನುಮಪ್ಪ, ಗುಳೇದಗುಡ್ಡದ ಕಡೆಯವನು, ನನ್ನದೇ ವಯಸ್ಸು. ಹತ್ತು ವರ್ಷದಿಂದ ಟೈಲ್ಸ್ ಕೂರಿಸುತ್ತಿದ್ದ. ಅರ್ಧಂಬರ್ಧ ಹಿಂದಿ ಬಿಟ್ಟರೆ ಕನ್ನಡವೊಂದೇ ಬರುತ್ತಿತ್ತು. ಕಲ್ಲಿನ ರಾಶಿಯ ಸುತ್ತ ಒಂದು ಸುತ್ತು ಹಾಕಿ, ಒಂದು ಕಲ್ಲೆತ್ತಿ ಸುತ್ತಿಗೆಯಿಂದ ತಟ್ಟಿ, ಅದರ ದನಿ ಕೇಳಿ ನನ್ನ ಕಡೆ ತಿರುಗಿದ.

“ಹತ್ತ ವರ್ಷ ಆತ್ರಿ ಸರ, ಕಲ್ಲ ಮುಟ್ಟಿ. ಕೈ ಮರತಿರ್ತೈತಿ ಅಂದ್ಕೊಂಡಿದ್ದೆ. ಮರತಿಲ್ರಿ.”

ಮರೆತಿರಲಿಲ್ಲ. ಗೋಡೆಯ ಎರಡೂ ಮುಖವನ್ನು ಹಿಡಿದಿಡುವ ಉದ್ದಗಲ್ಲು ಎಲ್ಲಿ ಬರಬೇಕೆಂದು ಅವನಿಗೆ ನಕ್ಷೆ ಹೇಳಬೇಕಾಗಿರಲಿಲ್ಲ. ನಾನು ವಾರಕ್ಕೆರಡು ಸಲ ವಫ್ರಾಕ್ಕೆ ಹೋಗಿ ಅಳತೆ ಓದಿ ಹೇಳುತ್ತಿದ್ದೆ, ಅವನು ಕಟ್ಟುತ್ತಿದ್ದ. ಮನೆ ಅರ್ಧ ಏಳುವಷ್ಟರಲ್ಲಿ ಅಬು ಖಾಲಿದ್ ಅವನ ಕೈಗೆ ಮಾರುಹೋಗಿದ್ದರು. ಬಿಸಿಲಿನಲ್ಲಿ ಛತ್ರಿ ಹಿಡಿದು ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂರುವರು. ಒಂದು ದಿನ ನನ್ನನ್ನು ಕರೆದು, ಕೆಲಸ ಮುಗಿದ ಮೇಲೆ ಅವನ ವೀಸಾ ತಮ್ಮ ತೋಟಕ್ಕೆ ಬದಲಾಯಿಸಿಕೊಳ್ಳುವುದಾಗಿಯೂ, ಇರಲು ಕೋಣೆ, ಅಡುಗೆಮನೆ ಕೊಡುವುದಾಗಿಯೂ, ಅವನ ಹೆಂಡತಿಯನ್ನೂ ಕರೆಸಿಕೊಳ್ಳಲಿ ಎಂದೂ ಅವನಿಗೆ ಹೇಳಲು ತಿಳಿಸಿದರು. ನಾನು ಹೇಳಿದೆ. ಹನುಮಪ್ಪ ಟವೆಲಿನಿಂದ ಮುಖ ಒರೆಸಿಕೊಂಡ, ಬಹಳ ಹೊತ್ತು ಒರೆಸಿಕೊಂಡ.

“ಖರೇ ಹೇಳಾಕತ್ತಾರೇನ್ರಿ? ಹತ್ತ ಮಂದಿ ಮಲಗೂ ಖೋಲ್ಯಾಗ ಇದ್ದೀನ್ರಿ ನಾ. ನಮ್ಮಾಕಿ ಯಲ್ಲವ್ವಗ ಪಾಸ್‌ಪೋರ್ಟ್ ಮಾಡಸು ಅಂತ ಹೇಳಲೇನ್ರಿ?”

“ಹೇಳಪಾ, ಅವರು ಮಾತು ತಪ್ಪೂ ಮನಷ್ಯಾ ಅಲ್ಲ,” ಎಂದೆ. ಪಾಸ್‌ಪೋರ್ಟಿಗೆ ಅರ್ಜಿ ಹೋಯಿತು.

ಈಗ ನನ್ನ ಘನಕಾರ್ಯ ಹೇಳುತ್ತೇನೆ. ಸ್ಕಾಟ್‌ಲೆಂಡಿನ ನಕ್ಷೆಗಳಿಗೆ ಇಲ್ಲಿನ ತಳಪಾಯ, ಕಬ್ಬಿಣ, ವಿದ್ಯುತ್ತು ಎಲ್ಲ ಸೇರಿಸಿ ಹೊಸದಾಗಿ ಬರೆಯುವುದು ನನ್ನ ಕೆಲಸ. ಗಾಡಿಕೊಟ್ಟಿಗೆಯ ಹಾಳೆ ಬರೆಯುತ್ತಿದ್ದಾಗ ನಮ್ಮಪ್ಪ ನೆನಪಾದ. ಅಪ್ಪ ಬಡಿಗತನದ ಜೊತೆಗೆ ಊರವರ ಮನೆಗಳಿಗೆ ಆಯ ಹಾಕಿಕೊಡುತ್ತಿದ್ದ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕಟ್ಟಡದ ಒಳಗಿನ ಉದ್ದವನ್ನು ಅಗಲದಿಂದ ಗುಣಿಸಿ ಎಂಟರಿಂದ ಭಾಗಿಸಬೇಕು. ಒಂದು, ಮೂರು, ಐದು, ಏಳು ಉಳಿದರೆ ಒಳ್ಳೆಯ ಆಯ, ಅದರಲ್ಲೂ ಒಂದು ಉಳಿದರೆ ಧ್ವಜಾಯ, ಎಲ್ಲಕ್ಕಿಂತ ಮೇಲು. ಸಮಸಂಖ್ಯೆ ಉಳಿದರೆ ಕೆಟ್ಟದ್ದು. ಏನೂ ಉಳಿಯದಿದ್ದರೆ ಅದು ಕಾಗೆಯ ಆಯ, ಅಂಥ ಜಾಗದಲ್ಲಿ ಮಲಗಿದವನು ಏಳುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ನಾನು ಇಂಚಿನ ಲೆಕ್ಕ ಹಿಡಿದು ನೋಡಿದೆ. ಮನೆಗೆ ಒಳ್ಳೆಯ ಆಯವೇ ಬಂತು. ಕೊಟ್ಟಿಗೆ ಉದ್ದ ನಲವತ್ತೆರಡು ಅಡಿ ಮೂರು ಇಂಚು, ಅಗಲ ಹದಿನಾರು ಅಡಿ. ಏನೂ ಉಳಿಯಲಿಲ್ಲ.

ಯಾರಾದರೂ ನನ್ನನ್ನು ಕೇಳಿದ್ದರೇ? ಇಲ್ಲ. ನಾನು ಆಯ ನಂಬುವವನೇ? ಅದೂ ಅಷ್ಟಕ್ಕಷ್ಟೆ. ಎಂಬತ್ತರ ಮುದುಕ ಅಲ್ಲಿ ಮಲಗುತ್ತಾರಲ್ಲ ಎಂಬ ಕಾಳಜಿ ಸ್ವಲ್ಪ ಇತ್ತು. ಹೆಚ್ಚಿಗೆ ಇದ್ದದ್ದು ಸೊಕ್ಕು. ಈ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲದ್ದು ನನಗೊಬ್ಬನಿಗೆ ಗೊತ್ತಿದೆ ಎಂಬ ಸೊಕ್ಕು. ಅಗಲಕ್ಕೆ ಒಂದಿಂಚು ಸೇರಿಸಿದ್ದರೆ ಆಯ ಸರಿಹೋಗುತ್ತಿತ್ತು. ನನಗೆ ಧ್ವಜಾಯವೇ ಬೇಕಾಯಿತು. ಎರಡು ಕೀಲಿ ಒತ್ತಿ ಹದಿನಾರು ಅಡಿಯನ್ನು ಹದಿನಾರು ಅಡಿ ಮೂರು ಇಂಚು ಮಾಡಿದೆ. ಬರೀ ಕೊಟ್ಟಿಗೆಯ ಹಾಳೆ ತಾನೇ ಎಂದು ನಬೀಲ್ ನೋಡದೆ ಸಹಿ ಹಾಕಿದ. ಮರ ಕೊಯ್ದಾದ ಮೇಲೆ ಯಾರಾದರೂ ಆಯ ಕೇಳಲು ಬಂದರೆ ನಮ್ಮಪ್ಪ ಬಾಗಿಲಿನಿಂದಲೇ ವಾಪಸ್ ಕಳಿಸುತ್ತಿದ್ದ. ಸ್ಕಾಟ್‌ಲೆಂಡಿನಿಂದ ಹಡಗು ಹತ್ತಿದ್ದ ತೊಲೆಗಳು ಇನ್ನೂರು ವರ್ಷದ ಹಿಂದೆಯೇ ಕೊಯ್ದವು ಎಂಬುದು ಬಡಿಗನ ಮಗನಾದ ನನಗೆ ಹೊಳೆಯಲಿಲ್ಲ.

ಕೊಟ್ಟಿಗೆಯ ಗೋಡೆ ಸೊಂಟದೆತ್ತರ ಬಂದಾಗ ಹನುಮಪ್ಪ ಒಂದು ಬೆಳಿಗ್ಗೆ ನಗುತ್ತ ನನ್ನ ಹತ್ತಿರ ಬಂದ.

“ಸರ, ಒಂದ ಮಾತ ಕೇಳಲೇನ್ರಿ? ಆ ದೇಶದ ಮಂದಿನೂ ಆಯ ನೋಡ್ತಾರೇನ್ರಿ?”

“ಯಾಕಪಾ?”

“ಸುಮ್ನ ಲೆಕ್ಕಾ ಹಾಕಿ ನೋಡಿದೆ. ಮನಿಗಿ ಚಲೋ ಆಯ ಕೂಡೇತಿ. ಈ ಕೊಟ್ಟಿಗಿಗಂತೂ ಧ್ವಜಾಯ. ಎಲ್ಲಿಯ ದೇಶ, ಎಲ್ಲಿಯ ಮಂದಿ ನೋಡ್ರಿ. ತಿಳದವರು ಎಲ್ಲಾ ಕಡೆ ಇರ್ತಾರ.”

ನಕ್ಷೆಗಳು ಹಾಗೆಯೇ ಆ ದೇಶದಿಂದ ಬರುತ್ತವೆ, ನಾನು ಬರೀ ತಂದು ಓದಿ ಹೇಳುವವನು ಎಂದು ಅವನು ತಿಳಿದಿದ್ದ. ನಾನದನ್ನು ತಿದ್ದಲಿಲ್ಲ. ಒಳಗೊಳಗೇ ಉಬ್ಬಿದೆ. ಮನೆಗೆ ಬಂದು ಶಾಂತಾಳಿಗೆ ಹೇಳಿದರೆ ಅವಳು, “ಮಂದಿ ಮನಿ ಅಳತಿ ನಿಮಗ್ಯಾಕ ಬೇಕಿತ್ತು?” ಎಂದಳು. ಅವಳಿಗೇನು ತಿಳಿಯುತ್ತದೆ ಎಂದುಕೊಂಡೆ.

ಎರಡು ತಿಂಗಳ ಮೇಲೆ ತೊಲೆಗಳು ಬಂದವು. ಹೊಗೆ ಹಿಡಿದು ಕಪ್ಪಾದ, ಒಂದೊಂದೂ ಮೂರಾಳುದ್ದದ ಮರ. ಮೊದಲನೆಯದನ್ನು ಕ್ರೇನಿನಿಂದ ಎತ್ತಿ ಇಳಿಸುವಾಗ ನಾನೂ ಅಲ್ಲಿದ್ದೆ. ಮುಂದಿನ ತುದಿ ಕಂಬದ ಮೇಲೆ ಸರಿಯಾಗಿ ಕೂತಿತು. ಹಿಂದಿನ ತುದಿ ಚಾಚುಕಲ್ಲಿನ ಮೇಲೆ ನಾಲ್ಕು ಇಂಚು ಕೂರಬೇಕಿತ್ತು. ಕೂತದ್ದು ಒಂದೇ ಇಂಚು. ಅಷ್ಟರ ಮೇಲೆ ಅಟ್ಟ ನಿಲ್ಲಿಸುವಂತಿಲ್ಲ. ಹನುಮಪ್ಪ ಏಣಿ ಹತ್ತಿ ನೋಡಿ, “ತೊಲಿ ಗಿಡ್ಡ ಬಂದಾವ್ರಿ,” ಎಂದ. ತೊಲೆ ಗಿಡ್ಡವಲ್ಲವೆಂದು ಆ ಅಂಗಳದಲ್ಲಿ ತಿಳಿದಿದ್ದವನು ನಾನೊಬ್ಬನೇ.

ಅಬು ಖಾಲಿದ್ ಆಗ ಕಣ್ಣಿನ ಚಿಕಿತ್ಸೆಗೆ ಲಂಡನ್ನಿಗೆ ಹೋಗಿದ್ದರು. ಅವರು ಬರುವುದರೊಳಗೆ ಕಾರಣ ಗೊತ್ತಾಗಬೇಕು, ಹಿಂದಿನ ಗೋಡೆಯನ್ನು ಪೂರ್ತಿ ಬಿಚ್ಚಬೇಕು, ಇದಕ್ಕೆ ಯಾರು ಹೊಣೆ ಎಂದು ಕಾಂಟ್ರ್ಯಾಕ್ಟರು ಫೋನಿನಲ್ಲಿ ಕೂಗಾಡಿದ. ನಬೀಲ್, “ನನಗೆ ಒಂದು ಹೆಸರು ಬೇಕು, ಮಿಸ್ಟರ್ ಬಡಿಗೇರ್. ಆಫೀಸಿನ ಹೆಸರು ಆದರೆ ಆಫೀಸಿನವನು ಹೋಗುತ್ತಾನೆ, ಸೈಟಿನ ಹೆಸರು ಆದರೆ ಸೈಟಿನವನು,” ಎಂದ. ನನ್ನ ಮಗಳು ಸ್ಮಿತಾ ಆಗ ಹತ್ತನೇ ಕ್ಲಾಸು. ನಾನು ಹೋಗುವುದೆಂದರೆ ಮೂವರೂ ಗಂಟುಮೂಟೆ ಕಟ್ಟಿ, ಪರೀಕ್ಷೆಯ ಮುಂದೆ ಅವಳನ್ನು ಯಾವುದೋ ಶಾಲೆಗೆ ತುರುಕುವುದು. ಇದನ್ನು ನೆಪವೆಂದು ಬರೆಯುತ್ತಿದ್ದೇನೆ. ಅವತ್ತು ಕಾರಣವೆಂದೇ ಅನ್ನಿಸಿತ್ತು.

ಅದೇ ಮಧ್ಯಾಹ್ನ ಆಫೀಸಿಗೆ ಬಂದು ಫೈಲು ತೆರೆದೆ. ಮೂರು ಇಂಚು ಅಳಿಸಿದೆ. ಹೊಸ ಪ್ರಿಂಟು ತೆಗೆದು ಆಫೀಸಿನ ಕಟ್ಟಿನಲ್ಲಿದ್ದ ಹಳೆಯದನ್ನು ಬದಲಿಸಿದೆ. ನಬೀಲನ ಸಹಿ ಬೇಕಿತ್ತು. ಹಾಳೆ ಹರಿದಿದೆ ಎಂದೆ, ಮತ್ತೆ ನೋಡದೆ ಹಾಕಿದ. ಸೈಟಿನಲ್ಲಿದ್ದ ಒಂದೇ ಪ್ರತಿ ಹನುಮಪ್ಪನ ಹತ್ತಿರವಿತ್ತು. ಮರುದಿನ ವಫ್ರಾಕ್ಕೆ ಹೋಗಿ ಅವನಿಗೆ, “ಆ ಕಾಗದ ಬಿಸಲಿಗೆ ಮಾಸೈತಿ, ಹೊಸಾದು ತಗೋ,” ಎಂದೆ. ಅವನು ಹಳೆಯ ಹಾಳೆಯ ಮೇಲಿನ ಸುಣ್ಣ ಕೊಡವಿ, ನೀಟಾಗಿ ಮಡಚಿ ನನ್ನ ಕೈಗೆ ಕೊಟ್ಟ. ವಾಪಸು ಬರುವಾಗ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ಹರಿದು ಕಸದ ಡಬ್ಬಿಗೆ ಹಾಕಿದೆ. ಹೆರೆಯಲಿಲ್ಲ, ಉಜ್ಜಲಿಲ್ಲ, ಎಲ್ಲೂ ಒರಟು ಉಳಿಯಲಿಲ್ಲ.

ವಿಚಾರಣೆ ಸೈಟಿನ ಕ್ಯಾಬಿನ್ನಿನಲ್ಲಿ ನಡೆಯಿತು. ನಬೀಲ್ ಮೇಜಿನ ಹಿಂದೆ ಕೂತಿದ್ದ, ಮೇಜಿನ ಮೇಲೆ ಹೊಸ ನಕ್ಷೆ. ಹನುಮಪ್ಪ ಚಪ್ಪಲಿ ಹೊರಗೆ ಬಿಟ್ಟು ಬಂದು ಕೈಕಟ್ಟಿ ನಿಂತ. ಅವನ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಲು ಅಲ್ಲಿದ್ದವನು ನಾನೊಬ್ಬನೇ.

“ಮೂರು ಇಂಚು ಎಲ್ಲಿಂದ ಬಂತು ಅಂತ ಕೇಳು,” ಎಂದ ನಬೀಲ್.

“ಹನುಮಪ್ಪ, ಅಗಲ ಹದಿನಾರಡಿ ಮೂರಿಂಚ ಯಾಕ ಹಿಡದಿ ಅಂತ ಕೇಳಾಕತ್ತಾರ.”

“ಕಾಗದದಾಗ ಹಂಗ ಇತ್ತಲ್ರಿ ಸರ. ನನ್ನ ಕಣ್ಣಾರೆ ನೋಡೀನಿ. ಈಗ ಕೊಟ್ಟೀರಲ್ಲ, ಇದ್ರಾಗ ಬರೇ ಹದಿನಾರ ಐತಿ. ಆ ದೇಶದವರು ಮೊದಲ ಒಂದ ಬರ್ದು ಆಮ್ಯಾಲ ತಿದ್ದಿರಬೇಕ್ರಿ. ತಪ್ಪಂತ ನಾ ಹೆಂಗ ತಿಳಕೊಳ್ಲಿ? ಆಯ ಸೈತ ನೋಡಿದ್ದೆ, ಧ್ವಜಾಯ ಕೂಡಿತ್ತು, ನಿಮ್ಮ ಮುಂದ ಹೇಳಿದ್ದೆನಲ್ರಿ.”

ಅವನು ನನ್ನ ಮೇಲೆ ಬೆರಳು ತೋರಿಸಲಿಲ್ಲ. ಅಂಕಿ ತಿದ್ದಿದವನು ನಾನು ಎಂಬ ಅನುಮಾನವೇ ಅವನಿಗಿರಲಿಲ್ಲ.

“ಏನಂತಾನೆ? ಅದೇನು, ಆಯ ಆಯ ಅಂದ?” ಎಂದು ನಬೀಲ್ ಕೇಳಿದ.

ನಾನು ಹೇಳಿದೆ. ಆಯವೆಂದರೆ ಇವರ ಊರಿನ ಒಂದು ನಂಬಿಕೆ, ಅಳತೆಯನ್ನು ಎಂಟರಿಂದ ಭಾಗಿಸುತ್ತಾರೆ, ಧ್ವಜಾಯ ಬಂದರೆ ಮನೆಯ ಯಜಮಾನನಿಗೆ ಒಳ್ಳೆಯದಾಗುತ್ತದೆ ಎನ್ನುತ್ತಾರೆ, ಅದಕ್ಕಾಗಿ ತಾನೇ ಮೂರು ಇಂಚು ಸೇರಿಸಿದೆ ಎನ್ನುತ್ತಿದ್ದಾನೆ. ನನ್ನ ಇಂಗ್ಲಿಷು ಅವತ್ತು ಎಲ್ಲೂ ತಡವರಿಸಲಿಲ್ಲ. ಅದರ ನಡುವೆ ಆಯ, ಧ್ವಜಾಯ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಹನುಮಪ್ಪ ಹೌದು ಹೌದೆಂದು ತಲೆಯಾಡಿಸಿದ. ನಬೀಲ್ ಅವನ ತಲೆಯನ್ನೇ ನೋಡುತ್ತಿದ್ದ. ಆಳು ಒಪ್ಪಿಕೊಂಡಿದ್ದಾನೆ ಎಂದು ಬರೆದುಕೊಂಡು, “ಖಲಾಸ್,” ಎಂದು ಪೆನ್ನು ಮುಚ್ಚಿದ.

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಹನುಮಪ್ಪ ಕೇಳಿದ.

“ಏನಂದ್ರಿ ಸರ, ಅವರು?”

“ನಂಬಲಿಲ್ಲ ಹನುಮಪ್ಪ.”

“ನೀವು ಎಲ್ಲಾ ಹೇಳಿದ್ರಿಲ್ರಿ? ಕಾಗದದ್ದು?”

“ಎಲ್ಲಾ ಹೇಳಿದೆ,” ಎಂದೆ.

ವಾರದೊಳಗೆ ಕಾಂಟ್ರ್ಯಾಕ್ಟರು ಅವನ ವೀಸಾ ರದ್ದು ಮಾಡಿ ಕಳಿಸಿದ. ಹೋಗುವ ದಿನ ಅರ್ದಿಯಾದ ಕ್ಯಾಂಪಿಗೆ ಬಂದು ಮುಖ ತೋರಿಸಿ ಹೋಗಿ ಎಂದು ಫೋನು ಮಾಡಿದ್ದ. ಆಫೀಸಿನಲ್ಲಿ ಕೆಲಸವಿದೆ ಎಂದೆ. ಕೆಲಸವೇನೂ ಇರಲಿಲ್ಲ. ಯಲ್ಲವ್ವನ ಪಾಸ್‌ಪೋರ್ಟು ಆ ತಿಂಗಳೇ ಕೈಗೆ ಬಂತೆಂದು ಆಮೇಲೆ ಗೊತ್ತಾಯಿತು.

ಅಬು ಖಾಲಿದ್ ಲಂಡನ್ನಿನಿಂದ ಬಂದು ಅರ್ಧ ಬಿಚ್ಚಿದ ಗೋಡೆಯನ್ನು, ಅದನ್ನು ಬ್ಲಾಕಿನಂತೆ ಪೇರಿಸುತ್ತಿದ್ದ ಹೊಸ ಕೆಲಸಗಾರರನ್ನು ನೋಡಿದರು. ನನ್ನನ್ನು ಪಕ್ಕಕ್ಕೆ ಕರೆದರು. ನಬೀಲ್ ಬರೆದದ್ದನ್ನು ಅವರು ಓದಿದ್ದರು.

“ನನಗೆ ಒಳ್ಳೆಯದಾಗಲಿ ಅಂತ ಮಾಡಿದವನನ್ನು ನೀವು ಕಳಿಸಿಬಿಟ್ಟಿರಾ?” ಎಂದರು. “ತೊಲೆಯ ಕೆಳಗೆ ಕಬ್ಬಿಣದ ಆಸರೆ ಕೊಟ್ಟರೆ ಆಗುತ್ತಿತ್ತು. ಗೋಡೆ ಹಾಗೇ ಇರಲಿ ಅನ್ನುತ್ತಿದ್ದೆ. ನನ್ನ ತಾಯಿಯೂ ಹೊಸ್ತಿಲು ಇಡುವ ದಿನ ಏನೇನೋ ನೋಡುತ್ತಿದ್ದಳು. ಅವನನ್ನು ವಾಪಸ್ ಕರೆಸಬಹುದಾ?”

ಸತ್ಯ ಹೇಳಿದ್ದರೆ ನನಗೇನೂ ಆಗುತ್ತಿರಲಿಲ್ಲ ಎಂದು ಆಗ ಗೊತ್ತಾಯಿತು. ಆಗಲೂ ಹೇಳಬಹುದಿತ್ತು. ಆದರೆ ಹನುಮಪ್ಪ ವಾಪಸು ಬಂದರೆ ಮುದುಕರು ಅವನ ಕೈ ಹಿಡಿದು, ನನಗಾಗಿ ಮೂರು ಇಂಚು ಸೇರಿಸಿದೆಯಂತಲ್ಲ ಎನ್ನುತ್ತಾರೆ, ಅದನ್ನು ಅವನಿಗೆ ತಿರುಗಿಸಿ ಹೇಳಬೇಕಾದವನು ನಾನೇ.

“ಊರಲ್ಲಿ ಬೇರೆ ಕೆಲಸ ಹಿಡಿದಿದ್ದಾನಂತೆ ಸರ್,” ಎಂದೆ.

ಅವರು ಮತ್ತೆ ಆ ಮಾತೆತ್ತಲಿಲ್ಲ. ಕೊಟ್ಟಿಗೆ ಮುಗಿಯಿತು, ಹದಿನಾರು ಅಡಿಗೆ ಸರಿಯಾಗಿ. ಹಿಂದಿನ ಗೋಡೆ ಹನುಮಪ್ಪ ಕಟ್ಟಿದ ಉಳಿದ ಗೋಡೆಗಳ ಜೊತೆ ಹೊಂದುವುದಿಲ್ಲ. ಎದುರಿನಿಂದ ನೋಡುವವರಿಗೆ ಅದು ಕಾಣುವುದಿಲ್ಲ, ಆದ್ದರಿಂದ ಫೋಟೋಗಳಲ್ಲಿ ಚೆನ್ನಾಗಿ ಬಂದಿದೆ. ಅಬು ಖಾಲಿದ್ ಇನ್ನೂ ಚಳಿಗಾಲದಲ್ಲಿ ಆ ಅಟ್ಟದಲ್ಲಿ ಮಲಗುತ್ತಾರೆ, ಗಟ್ಟಿಮುಟ್ಟಾಗಿದ್ದಾರೆ. ಕಾಗೆಯ ಆಯ ಅವರಿಗೆ ಏನೂ ಮಾಡಲಿಲ್ಲ.

ಹುಡುಗರಿಗೆ ಬುದ್ಧಿ ಹೇಳುವ ಮುಖ ನನಗಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ. ಇಲ್ಲಿ ನಿಮಗಿಂತ ಕೆಳಗಿನವನೊಬ್ಬನಿಗೆ ನಿಮ್ಮ ಭಾಷೆ ಬಿಟ್ಟು ಬೇರೆ ಬಾರದಿದ್ದರೆ, ಅವನ ಅನ್ನ ನಿಮ್ಮ ನಾಲಗೆಯ ಮೇಲಿರುತ್ತದೆ. ನನಗೆ ಅದು ಗೊತ್ತಿತ್ತು, ಗೊತ್ತಿದ್ದೇ ಮಾಡಿದೆ. ಗೊತ್ತಿರಲಿಲ್ಲ ಎಂದು ಎಲ್ಲೂ ಬರೆಯಲಾರೆ.

ಹೋದ ವಾರ ಹನುಮಪ್ಪನ ಫೋನು ಬಂತು. ನಾನು ಊರಿಗೆ ಮರಳುತ್ತಿರುವ ಸುದ್ದಿ ಯಾರಿಂದಲೋ ತಿಳಿದಿತ್ತು. ಮಂಡಿ ನೋವಂತೆ, ಕಲ್ಲಿನ ಕೆಲಸ ಬಿಟ್ಟಿದ್ದಾನಂತೆ. ಕೊಟ್ಟಿಗೆ ಹೇಗೆ ಬಂತೆಂದು ಕೇಳಿದ, ಚಲೋ ಬಂದೈತಿ ಎಂದೆ. ಗಜೇಂದ್ರಗಡದಿಂದ ಗುಳೇದಗುಡ್ಡ ಎಷ್ಟು ದೂರ, ಬಂದು ಒಂದು ಹೊತ್ತು ಉಂಡು ಹೋಗಿ, ಯಲ್ಲವ್ವ ನಿಮ್ಮನ್ನು ನೋಡಬೇಕು ಅಂತಾಳೆ ಎಂದ.

“ಆಕಿ ಮುಂದ ಯಾವಾಗ್ಲೂ ಹೇಳ್ತಿರ್ತೀನ್ರಿ ಸರ. ಆ ಕ್ಯಾಬಿನ್‌ನ್ಯಾಗ ನನ್ನ ಕಡೆ ಮಾತಾಡಾಕ ನೀವೊಬ್ರ ಇದ್ರಿ. ನಾ ಅಂದದ್ದು ಒಂದೂ ಬಿಡದಂಗ ಅವರಿಗೆ ತಿಳಿಸಿ ಹೇಳಿದ್ರಿ. ಅವರು ನಂಬಲಿಲ್ಲ, ಅದಕ್ಕ ನೀವರೆ ಏನ್ ಮಾಡ್ತೀರಿ. ಹೌದಲ್ರಿ?”

“ಹೌದಪಾ,” ಎಂದೆ.